ಓದುಗರ ಪ್ರಶ್ನೆ: ಹದಿನಾಲ್ಕು ಸೆಕೆಂಡು, ಎರಡು ಪಾಯಿಂಟು, ಒಂದು ಬಾಗಿಲು

ಗಂಟೆಗಟ್ಟಲೆ ಓಡುವ ಕಾರ್ ರೇಸುಗಳ ಸರಣಿಯಾದ ವಿಶ್ವ ಎಂಡ್ಯೂರೆನ್ಸ್ ಚಾಂಪಿಯನ್‌ಶಿಪ್‌ನ 2024ರ ಸೀಸನ್ ನವೆಂಬರ್ 2ರಂದು ಬಹ್ರೇನ್‌ನಲ್ಲಿ ಮುಗಿಯಿತು. ಕತಾರ್, ಇಮೋಲಾ, ಸ್ಪಾ, ಲೆ ಮಾನ್ಸ್, ಸಾವೊ ಪಾಲೊ, ಆಸ್ಟಿನ್, ಫುಜಿ, ಬಹ್ರೇನ್. ಒಟ್ಟು ಎಂಟು ರೇಸು, ಗೆದ್ದವು ಆರು ಬೇರೆ ಬೇರೆ ಕಾರುಗಳು. ಈ ತಿಂಗಳು ನಿಮ್ಮ ಪತ್ರಗಳೆಲ್ಲ ಇದರ ಸುತ್ತಲೇ ಇವೆ, ಹಾಗಾಗಿ ಇಡೀ ಅಂಕಣ ಇದಕ್ಕೇ ಮೀಸಲು.

ಸರ್, ನಾನು ಗ್ಯಾರೇಜ್ ನಡೆಸ್ತೀನಿ. ಫಾರ್ಮುಲಾ ಒನ್ ಗೊತ್ತು. ಆದ್ರೆ ಈ ಆರು ತಾಸು, ಎಂಟು ತಾಸು, 24 ತಾಸಿನ ರೇಸು ತಲೆಗೆ ಹತ್ತವಲ್ದು. ಒಬ್ಬನೇ ಓಡಸ್ತಾನೇನು? ಒಂದೇ ಟ್ರ್ಯಾಕಿನ್ಯಾಗ ಎರಡು ನಮೂನಿ ಕಾರು ಯಾಕೆ ಬಿಡ್ತಾರ? – ಹುಬ್ಬಳ್ಳಿಯ ಓದುಗರು

ಒಬ್ಬನೇ ಅಲ್ಲ. ಒಂದು ಕಾರಿಗೆ ಸಾಮಾನ್ಯವಾಗಿ ಮೂವರು ಡ್ರೈವರ್‌ಗಳು. ಒಬ್ಬ ಇಳಿಯುತ್ತಾನೆ, ಇನ್ನೊಬ್ಬ ಹತ್ತುತ್ತಾನೆ. ಫ್ರಾನ್ಸಿನ ಲೆ ಮಾನ್ಸ್‌ನ 24 ತಾಸಿನ ರೇಸಿನಲ್ಲಿ ಯಾರೂ ಒಟ್ಟು 14 ತಾಸಿಗಿಂತ ಜಾಸ್ತಿ ಓಡಿಸುವ ಹಾಗಿಲ್ಲ, ಯಾವುದೇ ಆರು ತಾಸಿನ ಅವಧಿಯಲ್ಲಿ ನಾಲ್ಕು ತಾಸು ಮೀರುವ ಹಾಗಿಲ್ಲ. ಪಾಯಿಂಟು ಮೂವರಿಗೂ ಸೇರುತ್ತದೆ. ಒಬ್ಬ ತಪ್ಪು ಮಾಡಿದರೆ ಉಳಿದಿಬ್ಬರ ವರ್ಷವೂ ಹಾಳು. ಈ ಆಟದ ರುಚಿ ಇರುವುದೇ ಇಲ್ಲಿ. ನೀವು ಓಡಿಸದೇ ಇರುವಾಗಲೂ ನಿಮ್ಮ ಚಾಂಪಿಯನ್‌ಶಿಪ್ ಟ್ರ್ಯಾಕ್ ಮೇಲೆ ಓಡುತ್ತಲೇ ಇರುತ್ತದೆ, ನೀವು ಗ್ಯಾರೇಜಿನಲ್ಲಿ ಕೂತು ಪರದೆ ನೋಡಬೇಕು ಅಷ್ಟೆ.

ಎರಡು ಥರದ ಕಾರುಗಳ ವಿಚಾರ. ಮೇಲಿನದು ಹೈಪರ್‌ಕಾರ್. ರೇಸಿಗೆಂದೇ ಕಟ್ಟಿದ್ದು, ತೂಕ ಕನಿಷ್ಠ 1,030 ಕೆ.ಜಿ., ಶಕ್ತಿ ಸುಮಾರು 680 ಹಾರ್ಸ್‌ಪವರ್. 2024ರಲ್ಲಿ ಈ ದರ್ಜೆಯಲ್ಲಿ ಟೊಯೊಟಾ, ಫೆರಾರಿ, ಪೋರ್ಶೆ, ಪ್ಯೂಜೊ, ಕ್ಯಾಡಿಲಾಕ್, ಬಿಎಂಡಬ್ಲ್ಯು, ಆಲ್ಪೀನ್, ಲ್ಯಾಂಬೋರ್ಗಿನಿ, ಇಸೊಟ್ಟಾ ಫ್ರಾಸ್ಕಿನಿ, ಹೀಗೆ ಒಂಬತ್ತು ಕಂಪನಿಗಳಿದ್ದವು. ಕೆಳಗಿನದು ಜಿಟಿ3, ಷೋರೂಮಿನಲ್ಲಿ ಸಿಗುವ ಕಾರನ್ನೇ ರೇಸಿಗೆ ತಿದ್ದಿದ್ದು: ಪೋರ್ಶೆ 911, ಫೋರ್ಡ್ ಮಸ್ಟ್ಯಾಂಗ್, ಕಾರ್ವೆಟ್ ಇಂಥವು. ಅದರಲ್ಲಿ ಒಬ್ಬ ಡ್ರೈವರ್ ಕಡ್ಡಾಯವಾಗಿ 'ಬ್ರಾಂಜ್' ದರ್ಜೆಯವನಾಗಿರಬೇಕು, ಅಂದರೆ ಹೆಚ್ಚಾಗಿ ಬೇರೆ ಉದ್ಯೋಗ ಇಟ್ಟುಕೊಂಡು ಹವ್ಯಾಸಕ್ಕೆ ಓಡಿಸುವವನು. ಲೆ ಮಾನ್ಸ್‌ನಲ್ಲಿ ಒಂದು ಸುತ್ತಿಗೆ ಎರಡೂ ದರ್ಜೆಗೆ ಅರ್ಧ ನಿಮಿಷದ ವ್ಯತ್ಯಾಸ ಇದೆ. ಹಾಗಾಗಿ ಮುಂದಿನ ಕಾರುಗಳು ಗಂಟೆಗಟ್ಟಲೆ ಈ ನಿಧಾನದ ಕಾರುಗಳ ನಡುವೆ ದಾರಿ ಮಾಡಿಕೊಂಡೇ ಹೋಗಬೇಕು. ಯಾವ ತಿರುವಿನಲ್ಲಿ ಯಾರು ಅಡ್ಡ ಸಿಗುತ್ತಾರೆ ಅನ್ನುವುದರ ಮೇಲೆ ಒಂದೆರಡು ಸೆಕೆಂಡು ಹೋಗುತ್ತದೆ, ಬರುತ್ತದೆ.

ಮೆಕ್ಯಾನಿಕ್ ಆದ ನಿಮಗೆ ಇನ್ನೊಂದು ವಿಷಯ ಹೇಳಲೇಬೇಕು. ಹೈಪರ್‌ಕಾರಿನ ಆಕ್ಸಲ್ ಶಾಫ್ಟ್‌ಗೇ ಟಾರ್ಕ್ ಅಳೆಯುವ ಸೆನ್ಸರ್ ಕೂರಿಸಿರುತ್ತಾರೆ. ಎಂಜಿನ್ ಯಾವುದೇ ಇರಲಿ, ಫೆರಾರಿಯ 3 ಲೀಟರ್ ವಿ6 ಟರ್ಬೊ ಇರಲಿ, ಕ್ಯಾಡಿಲಾಕ್‌ನ ಟರ್ಬೊ ಇಲ್ಲದ 5.5 ಲೀಟರ್ ವಿ8 ಇರಲಿ, ಚಕ್ರಕ್ಕೆ ಎಷ್ಟು ಶಕ್ತಿ ಹೋಯಿತು ಅನ್ನುವುದನ್ನು ಅಲ್ಲೇ ಅಳೆದು ಲೆಕ್ಕ ಇಡುತ್ತಾರೆ. ಒಂದು ಪಿಟ್ ನಿಲುಗಡೆಯಿಂದ (ಇಂಧನ ತುಂಬಿಸಲು, ಟೈರು ಬದಲಿಸಲು ಒಳಗೆ ಬಂದು ನಿಲ್ಲುವುದು) ಇನ್ನೊಂದು ನಿಲುಗಡೆವರೆಗೆ ಇಷ್ಟೇ ಶಕ್ತಿ ಬಳಸಬೇಕು ಅಂತ ಮಿತಿ. ಟ್ಯಾಂಕಿನಲ್ಲಿ ಇಂಧನ ಉಳಿದಿದ್ದರೂ ಈ ಲೆಕ್ಕ ಮುಗಿದರೆ ಮುಗಿಯಿತು, ಒಳಗೆ ಬರಲೇಬೇಕು. ಇದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಉತ್ತರಕ್ಕೆ ಬೇಕಾಗುತ್ತದೆ. ಅಂದ ಹಾಗೆ ಆ ಇಂಧನ ಪೆಟ್ರೋಲ್ ಅಲ್ಲ, ಫ್ರಾನ್ಸಿನ ವೈನ್ ತಯಾರಿಕೆಯಲ್ಲಿ ಉಳಿಯುವ ತ್ಯಾಜ್ಯದಿಂದ ಮಾಡಿದ್ದು.

24 ಗಂಟೆ ಓಡಿದ ಮೇಲೆ ಬರೀ 14 ಸೆಕೆಂಡಿನಲ್ಲಿ ಲೆ ಮಾನ್ಸ್ ಗೆಲ್ಲುವುದು ಹೇಗೆ ಸಾಧ್ಯ? ಎಲ್ಲಾ ಮೊದಲೇ ಹೊಂದಾಣಿಕೆ ಮಾಡಿಕೊಂಡ ಹಾಗಿದೆ ಅಂತ ನಮ್ಮ ಹಾಸ್ಟೆಲ್ಲಿನಲ್ಲಿ ವಾದ. – ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಆ ಕೊನೆಯ ಎರಡು ಗಂಟೆ ನೋಡಿದವರು ಯಾರೂ ಹೊಂದಾಣಿಕೆ ಅನ್ನಲಾರರು.

ಮೊದಲು ಅಂತರ ಯಾಕೆ ಕಡಿಮೆ ಅಂತ ಹೇಳುತ್ತೇನೆ. ಜೂನ್ 15ರ ಸಂಜೆ ಶುರುವಾದ ರೇಸಿಗೆ ರಾತ್ರಿ ಮಳೆ ಹಿಡಿಯಿತು. ಆ ಟ್ರ್ಯಾಕ್ 13.626 ಕಿ.ಮೀ. ಉದ್ದ. ಅದರ ದೊಡ್ಡ ಭಾಗ ವರ್ಷವೆಲ್ಲ ಲಾರಿ, ಕಾರು ಓಡಾಡುವ ಮಾಮೂಲಿ ರಸ್ತೆ. ನೀರು ನಿಂತರೆ ಕಾರು ತೇಲಿದಂತೆ ಜಾರುತ್ತದೆ. ಹಾಗಾಗಿ ನಾಲ್ಕು ಗಂಟೆಗೂ ಹೆಚ್ಚು ಹೊತ್ತು ಎಲ್ಲರೂ, ವೇಗ ತಗ್ಗಿಸಲು ಮುಂದೆ ಬಿಡುವ ಸೇಫ್ಟಿ ಕಾರಿನ ಹಿಂದೆ ಸಾಲಾಗಿ ಸಾಗಬೇಕಾಯಿತು. ಸೇಫ್ಟಿ ಕಾರು ಬಂದಾಗೆಲ್ಲ ಗಳಿಸಿದ ಅಂತರ ಕರಗಿಹೋಗುತ್ತದೆ. ಬೆಳಿಗ್ಗೆ ಮತ್ತೆ ರೇಸು ಬಿಟ್ಟಾಗ ಹೊಸದಾಗಿ ಶುರುವಾದ ಹಾಗೇ ಇತ್ತು. ಕೊನೆಗೆ ಗೆದ್ದ ಕಾರೂ ಸೇರಿ ಒಂಬತ್ತು ಕಾರುಗಳು ಒಂದೇ ಸಂಖ್ಯೆಯ ಸುತ್ತು ಹಾಕಿ ಮುಗಿಸಿದವು. ಹಿಂದೆಲ್ಲ ಗೆದ್ದವನು ಎರಡನೆಯವನಿಗಿಂತ ಸುತ್ತುಗಟ್ಟಲೆ ಮುಂದಿದ್ದ ವರ್ಷಗಳೂ ಇವೆ.

ಈಗ ಬಾಗಿಲ ಕಥೆ. ಮುಂದಿದ್ದದ್ದು 50ನೇ ನಂಬರಿನ ಫೆರಾರಿ. ಆಂಟೊನಿಯೊ ಫುವೊಕೊ, ಮಿಗೆಲ್ ಮೊಲಿನಾ, ನಿಕ್ಲಾಸ್ ನೀಲ್ಸೆನ್ ಅದರ ಡ್ರೈವರ್‌ಗಳು. ಮುಗಿಯಲು ಎರಡು ಗಂಟೆಗಿಂತ ಕಡಿಮೆ ಇರುವಾಗ ಅದರ ಬಾಗಿಲಿನ ಚಿಲಕ ಬಿಟ್ಟುಕೊಂಡಿತು. ಗಂಟೆಗೆ 300 ಕಿ.ಮೀ. ವೇಗದಲ್ಲಿ ಬಾಗಿಲು ತೆರೆದುಕೊಂಡು ಪಟಪಟ ಬಡಿಯುತ್ತಿದೆ, ಒಳಗೆ ನೀಲ್ಸೆನ್. ಒಳಗೆ ಬಂದು ಸರಿಮಾಡಿಕೊಂಡು ಹೋಗಿ ಅಂತ ರೇಸ್ ಕಂಟ್ರೋಲ್‌ನಿಂದ ಆದೇಶ ಬಂತು. ಬಂದರು, ಬಾಗಿಲು ಮುಚ್ಚಿಸಿಕೊಂಡರು, ಹೋದರು. ಇದರಿಂದ ಕಳೆದುಹೋದದ್ದು ಒಂದಿಷ್ಟು ಸೆಕೆಂಡು ಮಾತ್ರ ಅಂದುಕೊಳ್ಳಬೇಡಿ. ಲೆಕ್ಕ ಹಾಕಿಟ್ಟಿದ್ದಕ್ಕಿಂತ ಬೇಗ ಪಿಟ್‌ಗೆ ಬಂದಿದ್ದರಿಂದ ಉಳಿದ ಸಮಯವನ್ನು ಇನ್ನೊಂದೇ ನಿಲುಗಡೆಯಲ್ಲಿ ಮುಗಿಸಬೇಕಾಯಿತು. ಶಕ್ತಿಯ ಲೆಕ್ಕ ತುದಿಗೆ ಬಂತು. ನೀಲ್ಸೆನ್ ಒದ್ದೆ ಟ್ರ್ಯಾಕಿನಲ್ಲಿ ಆ್ಯಕ್ಸಲರೇಟರ್ ಬೇಗ ಬಿಟ್ಟು, ಕಾರನ್ನು ಉರುಳಲು ಬಿಟ್ಟು, ಉಳಿಸಿ ಉಳಿಸಿ ಓಡಿಸಿದರು. ಗೆರೆ ದಾಟುವಾಗ ಉಳಿದಿದ್ದು ಶೇ. 2ರಷ್ಟು.

ಹಿಂದಿನಿಂದ ಬರುತ್ತಿದ್ದದ್ದು 7ನೇ ನಂಬರಿನ ಟೊಯೊಟಾ. ಅರ್ಹತಾ ಸುತ್ತಿನಲ್ಲಿ ಎಡವಟ್ಟಾಗಿ ಆ ಕಾರು 23ನೇ ಸ್ಥಾನದಿಂದ ಹೊರಟಿತ್ತು. ಮೈಕ್ ಕಾನ್ವೇ ಸೈಕಲ್ಲಿಂದ ಬಿದ್ದು ಗಾಯ ಮಾಡಿಕೊಂಡಿದ್ದರಿಂದ ಅವರ ಜಾಗಕ್ಕೆ ಹೋಸೆ ಮರಿಯಾ ಲೋಪೆಜ್ ಕೊನೆ ಗಳಿಗೆಯಲ್ಲಿ ಬಂದಿದ್ದರು. ಕೊನೆಯ ಹಂತದಲ್ಲಿ ಓಡಿಸಿದವರೂ ಅವರೇ. ಬೆನ್ನಟ್ಟುವ ಭರದಲ್ಲಿ ಒಮ್ಮೆ ಕಾರು ಗಿರಕಿ ಹೊಡೆಯಿತು, ಸೆಕೆಂಡುಗಳು ಹೋದವು. ಕೊನೆಯ ಅಂತರ 14.221 ಸೆಕೆಂಡು. ಒಂದು ಚಿಲಕ, ಒಂದು ಗಿರಕಿ, ಶೇ. 2 ಶಕ್ತಿ. ನನ್ನ ಮಟ್ಟಿಗೆ ಈ ಸೀಸನ್ನಿನ ಅತ್ಯುತ್ತಮ ಡ್ರೈವಿಂಗ್ ನೀಲ್ಸೆನ್ ಅವರ ಆ ಕೊನೆಯ ಗಂಟೆ. ವೇಗವಾಗಿ ಓಡಿಸಬಲ್ಲವರು ಬಹಳ ಜನ ಇದ್ದಾರೆ. ಅಷ್ಟು ಒತ್ತಡದಲ್ಲಿ ನಿಧಾನ ಮಾಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಹಾಗಾದರೆ ಲೆ ಮಾನ್ಸ್ ಗೆದ್ದ ಫೆರಾರಿಯವರು ಚಾಂಪಿಯನ್ ಯಾಕೆ ಆಗಲಿಲ್ಲ? ಲೆ ಮಾನ್ಸ್‌ಗೆ ಎರಡು ಪಟ್ಟು ಪಾಯಿಂಟು ಅಂತಾರೆ. ಮಗ ಹೇಳಿದ್ದು ಅರ್ಥವಾಗಲಿಲ್ಲ, ಅವನಿಗೆ ತಾಳ್ಮೆ ಇಲ್ಲ. – ಶಿಕ್ಷಕಿ, ಮೈಸೂರು

ಮಗ ಹೇಳಿದ್ದು ಸರಿ ಇದೆ ಮೇಡಂ, ಎರಡು ಪಟ್ಟು. ಆರು ಗಂಟೆಯ ರೇಸಿನಲ್ಲಿ ಗೆದ್ದರೆ 25 ಪಾಯಿಂಟು, ಕತಾರ್ ಮತ್ತು ಬಹ್ರೇನ್‌ನಂಥ ಉದ್ದದ ರೇಸಿಗೆ 38, ಲೆ ಮಾನ್ಸ್‌ಗೆ 50. ಆದರೂ ಚಾಂಪಿಯನ್ ಆದವರು 6ನೇ ನಂಬರಿನ ಪೋರ್ಶೆಯ ಕೆವಿನ್ ಎಸ್ತ್ರೆ, ಆಂದ್ರೆ ಲೊಟ್ಟರರ್, ಲಾರೆನ್ಸ್ ವಾಂಟೋರ್.

ಅವರ ವರ್ಷ ಹೇಗಿತ್ತು ನೋಡಿ. ಕತಾರ್‌ನಲ್ಲಿ ಗೆಲುವು. ಇಮೋಲಾದಲ್ಲಿ ಎರಡನೇ ಸ್ಥಾನ, ಸ್ಪಾದಲ್ಲಿ ಎರಡನೇ ಸ್ಥಾನ. ಲೆ ಮಾನ್ಸ್‌ನಲ್ಲಿ ಎಲ್ಲರಿಗಿಂತ ಮುಂದೆ ನಿಂತು ಹೊರಟು ನಾಲ್ಕನೆಯವರಾಗಿ ಮುಗಿಸಿದರು. ಸಾವೊ ಪಾಲೊದಲ್ಲಿ ಮತ್ತೆ ಎರಡನೇ ಸ್ಥಾನ, ಆಸ್ಟಿನ್‌ನಲ್ಲಿ ಆರನೇ, ಫುಜಿಯಲ್ಲಿ ಗೆಲುವು. ಏಳು ರೇಸುಗಳಲ್ಲಿ ಒಂದರಲ್ಲೂ ಕೈ ಖಾಲಿ ಇಲ್ಲ. ಬಹ್ರೇನ್‌ಗೆ ಬರುವಾಗ 35 ಪಾಯಿಂಟು ಮುಂದಿದ್ದರು, ಅಲ್ಲಿ ಸಿಗಬಹುದಾದ ಗರಿಷ್ಠ 39 (ಗೆಲುವಿಗೆ 38, ಅರ್ಹತಾ ಸುತ್ತಿನಲ್ಲಿ ಮೊದಲಿಗರಾದರೆ ಇನ್ನೊಂದು). ಅಲ್ಲಿ ದಿನ ಕೆಟ್ಟದಾಗಿತ್ತು, ಹತ್ತನೆಯವರಾದರು, ಎರಡೇ ಪಾಯಿಂಟು ಬಂತು. ಆದರೆ ಅವರನ್ನು ಹಿಡಿಯಬೇಕಾದವರ ದಿನ ಇನ್ನೂ ಕೆಟ್ಟದಾಗಿತ್ತು. 152 ಪಾಯಿಂಟಿಗೆ ಸೀಸನ್ ಮುಗಿಸಿದರು.

ನಾನು ಈ ಕ್ರೀಡೆಯನ್ನು ಇಷ್ಟಪಡುವುದೇ ಇದಕ್ಕೆ. ಇಲ್ಲಿ ಎರಡನೇ ಸ್ಥಾನ, ನಾಲ್ಕನೇ ಸ್ಥಾನ ಅನ್ನುವುದು ಸೋಲಲ್ಲ. ಒಂದು ದೊಡ್ಡ ದಿನಕ್ಕಿಂತ ಎಂಟು ಹದವಾದ ದಿನಗಳಿಗೆ ಜಾಸ್ತಿ ಬೆಲೆ. ಲೊಟ್ಟರರ್ ವಿಷಯ ಒಂದು ಮಾತು: ಆಡಿಯಲ್ಲಿ ಮೂರು ಸಲ ಲೆ ಮಾನ್ಸ್ ಗೆದ್ದವರು, 2012ರಲ್ಲಿ ಇದೇ ಚಾಂಪಿಯನ್‌ಶಿಪ್ ಮೊದಲ ಸಲ ನಡೆದಾಗ ಚಾಂಪಿಯನ್. ಹನ್ನೆರಡು ವರ್ಷ ಬಿಟ್ಟು ಮತ್ತೆ ಗೆದ್ದಿದ್ದಾರೆ, ಪೋರ್ಶೆ ಹೈಪರ್‌ಕಾರಿಗೆ ಬಹ್ರೇನೇ ಅವರ ಕೊನೆಯ ರೇಸು. ನನಗೆ ತುಂಬಾ ಸಂತೋಷವಾಯಿತು.

ಚೆನ್ನಾಗಿ ಕಾರು ಕಟ್ಟಿದವನಿಗೆ ತೂಕ ಹೊರಿಸಿ, ಕೆಟ್ಟದಾಗಿ ಕಟ್ಟಿದವನಿಗೆ ರಿಯಾಯಿತಿ ಕೊಡುವ 'ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್' ಇರುವವರೆಗೂ ಇದನ್ನು ರೇಸು ಅನ್ನಬಾರದು. ಇದು ನಾಟಕ. ನೀವು ಇದರ ಬಗ್ಗೆ ಯಾಕೆ ಬರೆಯುವುದಿಲ್ಲ? – ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ಬರೆಯುತ್ತೇನೆ. ನಿಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯ ಇದೆ.

ಗೊತ್ತಿಲ್ಲದವರಿಗೆ ಹೇಳಬೇಕಂದರೆ, ಬೇರೆ ಬೇರೆ ಕಂಪನಿಗಳ ಕಾರುಗಳು ಹೆಚ್ಚುಕಡಿಮೆ ಸಮನಾಗಿ ಓಡಲಿ ಅಂತ ಪ್ರತಿ ರೇಸಿಗೂ ಮೊದಲು ಪ್ರತಿ ಮಾದರಿಗೂ ಇಷ್ಟು ತೂಕ, ಇಷ್ಟು ಶಕ್ತಿ ಅಂತ ಒಂದು ಪಟ್ಟಿ ಹೊರಡಿಸುತ್ತಾರೆ. ಬೇಗ ಓಡುವವನಿಗೆ ಕೆ.ಜಿ. ಜಾಸ್ತಿ. ದೊಡ್ಡ ಗಲಾಟೆ ಆಗಿದ್ದು 2023ರ ಲೆ ಮಾನ್ಸ್‌ನಲ್ಲಿ. ಆ ವರ್ಷ ಅಲ್ಲಿಯವರೆಗಿನ ಮೂರೂ ರೇಸುಗಳನ್ನು ಟೊಯೊಟಾ ಗೆದ್ದಿತ್ತು. ಲೆ ಮಾನ್ಸ್‌ಗೆ ಇನ್ನು ಕೆಲವೇ ದಿನ ಅನ್ನುವಾಗ ಟೊಯೊಟಾಕ್ಕೆ 37 ಕೆ.ಜಿ., ಫೆರಾರಿಗೆ 24 ಕೆ.ಜಿ. ಹೆಚ್ಚಿಸಿದರು. ಫೆರಾರಿ ಗೆದ್ದಿತು, ಅದೂ 1965ರ ನಂತರ ಮೊದಲ ಸಲ, ಲೆ ಮಾನ್ಸ್‌ನ ನೂರನೇ ವರ್ಷದಲ್ಲಿ. ಟೊಯೊಟಾ ಎರಡನೇ ಸ್ಥಾನ. ಕಥೆ ಇಷ್ಟು ಚೆನ್ನಾಗಿ ಕೂಡಿಬಂದರೆ ಜನರಿಗೆ ಅನುಮಾನ ಬರದೇ ಇರುತ್ತದಾ?

ಆದರೆ ಇನ್ನೊಂದು ಕಡೆಯನ್ನೂ ನೋಡಿ. ಈ ಪದ್ಧತಿ ಇಲ್ಲದ ಕಾಲವನ್ನು ನಾವು ನೋಡಿದ್ದೇವೆ. ಎಲ್‌ಎಂಪಿ1 ಅಂತ ಕರೆಯುತ್ತಿದ್ದ ಹಿಂದಿನ ದರ್ಜೆಯಲ್ಲಿ ಆಡಿ, ಪೋರ್ಶೆ, ಟೊಯೊಟಾ ಹಣ ಸುರಿದು ಸುರಿದು ಅದ್ಭುತ ಕಾರು ಕಟ್ಟಿದವು. ಖರ್ಚು ತಡೆಯಲಾಗದೆ 2016ರ ಕೊನೆಗೆ ಆಡಿ ಹೋಯಿತು, 2017ರ ಕೊನೆಗೆ ಪೋರ್ಶೆ ಹೋಯಿತು. ಆಮೇಲೆ 2018, 2019, 2020 ಮೂರೂ ವರ್ಷ ಲೆ ಮಾನ್ಸ್‌ನಲ್ಲಿ ಟೊಯೊಟಾ ಎದುರು ಇನ್ನೊಂದು ದೊಡ್ಡ ಕಂಪನಿಯೇ ಇರಲಿಲ್ಲ. ಗೆದ್ದರು, ಗೆದ್ದದ್ದಕ್ಕೆ ಬೆಲೆ ಸಿಗಲಿಲ್ಲ. 2024ರಲ್ಲಿ ಒಂಬತ್ತು ಕಂಪನಿಗಳು ಬಂದವು ಅಂದರೆ, ನಾವೂ ಒಂದು ದಿನ ಗೆಲ್ಲಬಹುದು ಅನ್ನುವ ನಂಬಿಕೆ ಅವರಿಗೆ ಇದ್ದದ್ದಕ್ಕೆ. ಆ ನಂಬಿಕೆ ಕೊಟ್ಟಿದ್ದು ಇದೇ ಪಟ್ಟಿ.

ಮತ್ತೆ ಪಟ್ಟಿ ಎಲ್ಲವನ್ನೂ ಸಮ ಮಾಡುವುದಿಲ್ಲ. ಇಮೋಲಾದಲ್ಲಿ ಅರ್ಹತಾ ಸುತ್ತಿನಲ್ಲಿ ಮೊದಲ ಮೂರು ಸ್ಥಾನವೂ ಫೆರಾರಿಯದೇ. ಮಳೆ ಬಂತು, ಯಾವಾಗ ಮಳೆ ಟೈರು ಹಾಕಬೇಕು ಅನ್ನುವುದರಲ್ಲಿ ಫೆರಾರಿಯವರು ತಡ ಮಾಡಿದರು, ಅದೂ ತಮ್ಮ ಮನೆಯಂಗಳದಂಥ ಟ್ರ್ಯಾಕಿನಲ್ಲಿ. 7ನೇ ಟೊಯೊಟಾ ಗೆದ್ದಿತು. ಕತಾರ್‌ನಲ್ಲಿ ಎರಡನೇ ಸ್ಥಾನದಲ್ಲಿದ್ದ ಪ್ಯೂಜೊಗೆ ಕೊನೆಯ ಸುತ್ತಿನ ಹೊತ್ತಿಗೆ ಇಂಧನ ಮುಗಿದುಹೋಯಿತು. ಇದಕ್ಕೆಲ್ಲ ಯಾವ ಕೆ.ಜಿ. ಹೊಣೆ?

ನನ್ನ ತಕರಾರು ಬೇರೆ. 2024ರಲ್ಲಿ ಪಟ್ಟಿ ಪ್ರಕಟ ಮಾಡಿದರು, ಆ ಅಂಕಿ ಯಾಕೆ ಬಂತು ಅನ್ನುವ ಲೆಕ್ಕವನ್ನು ಜನರ ಮುಂದೆ ಇಡಲಿಲ್ಲ. ಅದರ ಮೇಲೆ, ತಂಡದವರು, ಡ್ರೈವರ್‌ಗಳು ಇದರ ಬಗ್ಗೆ ಬಹಿರಂಗವಾಗಿ ಮಾತಾಡಬಾರದು ಅಂತ ನಿಯಮ ಬೇರೆ. ಇದು ತಪ್ಪು. ಬಾಯಿ ಕಟ್ಟಿದಷ್ಟೂ ಗುಸುಗುಸು ಜಾಸ್ತಿಯಾಗುತ್ತದೆ. ತೂಕ ಹೊರಿಸಿ ಪರವಾಗಿಲ್ಲ, ಯಾಕೆ ಹೊರಿಸಿದಿರಿ ಅಂತ ಹೇಳಿ. ಇಷ್ಟು ಮಾಡಿದರೆ ನಿಮ್ಮಂಥವರ ಅರ್ಧ ಸಿಟ್ಟು ಇಳಿಯುತ್ತದೆ ಅಂತ ನನ್ನ ನಂಬಿಕೆ.

ಸ್ಪಾ ರೇಸಿನಲ್ಲಿ ಸಮಯ ಮುಗಿಯುತ್ತಾ ಬಂದ ಮೇಲೆ ಮತ್ತೆ ಹೊತ್ತು ಸೇರಿಸಿ ಓಡಿಸಿದರಲ್ಲ, ಫೆರಾರಿಗೆ ಅನ್ಯಾಯ ಆಗಲಿಲ್ವಾ? – ಮಂಗಳೂರಿನ ಓದುಗರು

ಫೆರಾರಿಗೆ ನಷ್ಟ ಆಯಿತು, ನಿಜ. ಅನ್ಯಾಯ ಅನ್ನಲು ಮನಸ್ಸು ಬರುವುದಿಲ್ಲ.

ಮೇ 11ರಂದು ಕೆಮ್ಮೆಲ್ ನೇರಹಾದಿಯಲ್ಲಿ ಅರ್ಲ್ ಬ್ಯಾಂಬರ್ ಓಡಿಸುತ್ತಿದ್ದ ಕ್ಯಾಡಿಲಾಕ್ ಮುಂದಿನ ಕಾರನ್ನು ದಾಟುವಾಗ ಒಂದು ಜಿಟಿ3 ಬಿಎಂಡಬ್ಲ್ಯುಗೆ ತಗುಲಿತು. ಎರಡೂ ಕಾರು ನುಜ್ಜುಗುಜ್ಜು, ತಡೆಗೋಡೆಯೂ ಹಾಳು. ಡ್ರೈವರ್‌ಗಳಿಗೆ ದೊಡ್ಡ ಪೆಟ್ಟಾಗಲಿಲ್ಲ ಅನ್ನುವುದೇ ಪುಣ್ಯ. ಗೋಡೆ ಸರಿ ಮಾಡಲು ಎರಡು ಗಂಟೆ ಹತ್ತಿರ ಹಿಡಿಯಿತು. ಅಷ್ಟರಲ್ಲಿ ರೇಸಿನ ಸಮಯವೇ ಮುಗಿಯಲು ಬಂದಿತ್ತು. ನಿಂತುಹೋದ ಸಮಯವನ್ನು ಸೇರಿಸಿ ರೇಸು ಮುಂದುವರಿಸುತ್ತೇವೆ ಅಂತ ಅಧಿಕಾರಿಗಳು ತೀರ್ಮಾನಿಸಿದರು. ರೇಸು ನಿಂತಾಗ ಮುಂದಿದ್ದ ಫೆರಾರಿಗಳು ಇನ್ನೂ ಪಿಟ್‌ಗೆ ಬರಬೇಕಿತ್ತು. ಅಪಘಾತಕ್ಕೆ ಸ್ವಲ್ಪ ಮೊದಲು ಇಂಧನ ತುಂಬಿಸಿಕೊಂಡಿದ್ದ ಜೋಟಾ ತಂಡದ 12ನೇ ಪೋರ್ಶೆ ಮತ್ತು 6ನೇ ಪೋರ್ಶೆ ಲಾಭ ಪಡೆದವು. ಗೆದ್ದದ್ದು ಜೋಟಾ. ಕಂಪನಿಯ ಸ್ವಂತ ತಂಡವಲ್ಲ, ಕಾರು ಕೊಂಡು ಓಡಿಸುವ ಖಾಸಗಿ ತಂಡ. ಕ್ಯಾಲಮ್ ಐಲಟ್, ವಿಲ್ ಸ್ಟೀವನ್ಸ್ ಇಬ್ಬರೇ ಓಡಿಸಿ ಗೆದ್ದರು. ಹೈಪರ್‌ಕಾರ್ ದರ್ಜೆಯಲ್ಲಿ ಖಾಸಗಿ ತಂಡ ರೇಸು ಗೆದ್ದದ್ದು ಅದೇ ಮೊದಲು. ಫೆರಾರಿ ಕಡೆಯವರು ದೂರು ಕೊಟ್ಟರು, ನಿಲ್ಲಲಿಲ್ಲ. ಬ್ಯಾಂಬರ್ ಕಾರಿಗೆ ಲೆ ಮಾನ್ಸ್‌ನಲ್ಲಿ ಐದು ಸ್ಥಾನ ಹಿಂದೆ ನಿಲ್ಲುವ ಶಿಕ್ಷೆ ಆಯಿತು.

ಅಷ್ಟು ಜನ ಟಿಕೆಟ್ ತಗೊಂಡು ಬಂದು ಗುಡ್ಡದ ಮೇಲೆ ಕಾದು ಕೂತಿದ್ದಾರೆ. ಟ್ರ್ಯಾಕ್ ಸರಿಯಾಗಿದೆ, ಬೆಳಕಿದೆ, ಕಾರುಗಳು ತಯಾರಿವೆ. ಓಡಿಸದೇ ಮನೆಗೆ ಕಳಿಸುವುದಕ್ಕಿಂತ ಓಡಿಸಿದ್ದೇ ಸರಿ. ಯಾರು ಯಾವ ಗಳಿಗೆಯಲ್ಲಿ ಪಿಟ್‌ಗೆ ಬಂದಿದ್ದರು ಅನ್ನುವುದು ಅದೃಷ್ಟ, ಅದು ನಾಳೆ ಇನ್ನೊಬ್ಬರ ಕಡೆ ಹೋಗುತ್ತದೆ.

ನಾವು ನಾಲ್ಕು ಜನ ಕನ್ನಡಿಗ ಗೆಳೆಯರು ಬಹ್ರೇನ್ ರೇಸು ನಡೆಯುವ ಸಾಖೀರ್‌ಗೆ ಹೋಗಿ ಎಂಟು ಗಂಟೆ ರೇಸು ಪೂರ್ತಿ ನೋಡಿದೆವು. ಎರಡನೇ ಬಂದ 51ನೇ ಫೆರಾರಿಗೆ ಚಪ್ಪಾಳೆ ಹೊಡೆದು ಮನೆಗೆ ಬಂದರೆ ಫಲಿತಾಂಶವೇ ಬೇರೆ! ಏನಾಯಿತು? – ಮನಾಮದಿಂದ ಓದುಗರು

ಅದೃಷ್ಟವಂತರು ನೀವು, ಈ ಸೀಸನ್ನಿನ ಅತ್ಯಂತ ಬಿಗಿಯಾದ ಕೊನೆಯನ್ನು ಕಣ್ಣಾರೆ ನೋಡಿದಿರಿ.

51ನೇ ಫೆರಾರಿ ಒಂದು ರೇಸಿಗೆ ಕೊಟ್ಟ ಟೈರುಗಳ ಸಂಖ್ಯೆಗಿಂತ ಜಾಸ್ತಿ ಟೈರು ಬಳಸಿತ್ತು. ರೇಸು ಮುಗಿದ ಮೇಲೆ ಶಿಕ್ಷೆ ಬಿತ್ತು, ಪಟ್ಟಿಯಲ್ಲಿ ಕೆಳಗೆ ಹೋಯಿತು. 5ನೇ ಪೋರ್ಶೆ ಎರಡನೇ ಸ್ಥಾನಕ್ಕೆ, 93ನೇ ಪ್ಯೂಜೊ ಮೂರನೇ ಸ್ಥಾನಕ್ಕೆ ಬಂದವು. ಸಾಖೀರ್‌ನ ಟ್ರ್ಯಾಕ್ ಒರಟು, ಟೈರು ಬೇಗ ಸವೆಯುತ್ತದೆ, ಹಾಗಾಗಿ ಅಲ್ಲಿ ಒಂದೊಂದು ಟೈರಿನ ಲೆಕ್ಕವೂ ಮುಖ್ಯ. ಇಂಥ ತಂಡದಲ್ಲಿ ಈ ಲೆಕ್ಕ ತಪ್ಪುತ್ತದೆ ಅಂದರೆ ಬೇಸರ ಆಗುತ್ತದೆ. ಪಿಯರ್ ಗಿಡಿ, ಕಲಾಡೊ, ಜೊವಿನಾಜಿ ಮೂವರೂ ಎಂಟು ಗಂಟೆ ಬೆವರು ಸುರಿಸಿದ್ದು ಒಂದು ಹಾಳೆಯ ಮೇಲಿನ ಲೆಕ್ಕದಲ್ಲಿ ಹೋಯಿತು.

ನೀವು ನೋಡಿದ್ದರ ದೊಡ್ಡ ಭಾಗ ಟೊಯೊಟಾದ್ದು. ಅವರ 7ನೇ ಕಾರು, ಚಾಂಪಿಯನ್ ಆಗುವ ಆಸೆ ಇಟ್ಟುಕೊಂಡು ಬಂದದ್ದು, ಇಂಧನ ಪಂಪಿನ ತೊಂದರೆಯಿಂದ ಅರ್ಧದಲ್ಲೇ ನಿಂತುಹೋಯಿತು. ಆ ಕಾರಿನ ವರ್ಷವನ್ನು ನೆನೆದರೆ ಹೊಟ್ಟೆ ಚುರ್ ಅನ್ನುತ್ತದೆ: ಲೆ ಮಾನ್ಸ್ 14 ಸೆಕೆಂಡಿನಲ್ಲಿ ಹೋಯಿತು, ಸಾವೊ ಪಾಲೊದಲ್ಲಿ ಮುಂದಿರುವಾಗ ಕಾರು ಕೈಕೊಟ್ಟಿತು, ಆಸ್ಟಿನ್‌ನಲ್ಲಿ ಅಪಾಯ ಸೂಚಿಸುವ ಹಳದಿ ಬಾವುಟಕ್ಕೆ ನಿಧಾನ ಮಾಡಲಿಲ್ಲ ಅಂತ ಶಿಕ್ಷೆ ಬಿದ್ದು ಎರಡು ಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ಸೋಲು, ತವರಿನ ಫುಜಿಯಲ್ಲಿ ಪೋರ್ಶೆಗೆ ಡಿಕ್ಕಿ. ಕೊನೆಗೆ ಬಹ್ರೇನ್. ಉಳಿದದ್ದು 8ನೇ ಕಾರು ಒಂದೇ. ಕೊನೆಯ ಗಂಟೆಯಲ್ಲಿ ಸೆಬಾಸ್ಟಿಯನ್ ಬ್ಯುಮಿ ಒಬ್ಬೊಬ್ಬರನ್ನೇ ದಾಟಿ ಮುಂದೆ ಬಂದರು, ಗೆದ್ದರು. ಕಂಪನಿಗಳ ಪ್ರಶಸ್ತಿಯಲ್ಲಿ ಟೊಯೊಟಾ 190, ಪೋರ್ಶೆ 188. ಡ್ರೈವರ್‌ಗಳ ಕಿರೀಟ ಪೋರ್ಶೆಗೆ, ಕಂಪನಿಯದು ಟೊಯೊಟಾಗೆ. ಎಂಟು ರೇಸು ಓಡಿ ಎರಡು ಪಾಯಿಂಟಿನ ವ್ಯತ್ಯಾಸ. ಆ ರಾತ್ರಿ ಬ್ಯುಮಿ ಒಂದು ಸ್ಥಾನ ಹಿಂದೆ ಉಳಿದಿದ್ದರೂ ಕಪ್ಪು ಬೇರೆಯವರ ಮನೆಗೆ ಹೋಗುತ್ತಿತ್ತು.

ಬೈಕ್ ರೇಸಿನ ಚಾಂಪಿಯನ್ ವ್ಯಾಲೆಂಟಿನೊ ರೊಸ್ಸಿ ಬೈಕ್ ಬಿಟ್ಟು ಇಲ್ಲಿಗೆ ಬಂದಿದ್ದು ಹೆಸರಿಗಾ? – ಕಾಲೇಜು ವಿದ್ಯಾರ್ಥಿ, ಹಾಸನ

ಅಲ್ಲ. ಜಿಟಿ3 ಬಿಎಂಡಬ್ಲ್ಯುನಲ್ಲಿ ಪೂರ್ತಿ ಸೀಸನ್ ಓಡಿಸಿದರು. ಇಮೋಲಾದಲ್ಲಿ ತಮ್ಮ ದರ್ಜೆಯಲ್ಲಿ ಎರಡನೇ ಸ್ಥಾನ ಬಂತು. 45 ವಯಸ್ಸಿನಲ್ಲಿ ಹೊಸದನ್ನು ಕಲಿಯಲು ಇಷ್ಟು ಶ್ರದ್ಧೆ ಇಟ್ಟುಕೊಂಡಿರುವುದು ದೊಡ್ಡ ವಿಷಯ.

ಹೆಣ್ಣುಮಕ್ಕಳು ಓಡಿಸುತ್ತಾರಾ? – ಗೃಹಿಣಿ, ಕುಂದಾಪುರ

ಓಡಿಸುತ್ತಾರೆ, ಗೆಲ್ಲುತ್ತಾರೆ ಕೂಡ. 'ಐರನ್ ಡೇಮ್ಸ್' ಅಂತ ಒಂದು ತಂಡ ಇದೆ. ಸಾರಾ ಬೋವಿ, ರಾಹೆಲ್ ಫ್ರೇ, ಮಿಶೆಲ್ ಗ್ಯಾಟಿಂಗ್ ಮೂವರೂ ಸೇರಿ 2023ರ ಬಹ್ರೇನ್ ರೇಸಿನಲ್ಲಿ ತಮ್ಮ ದರ್ಜೆ ಗೆದ್ದರು. ಬರೀ ಮಹಿಳೆಯರೇ ಇರುವ ತಂಡ ಈ ಚಾಂಪಿಯನ್‌ಶಿಪ್‌ನಲ್ಲಿ ಗೆದ್ದದ್ದು ಅದೇ ಮೊದಲು. ಇಲ್ಲಿ ಹೆಂಗಸರಿಗೆ ಬೇರೆ ದರ್ಜೆ ಇಲ್ಲ, ಎಲ್ಲರೂ ಒಂದೇ ಟ್ರ್ಯಾಕಿನಲ್ಲಿ, ಒಂದೇ ನಿಯಮದಲ್ಲಿ.

ಸರ್, ನಾನು ಒಂಬತ್ತನೇ ಕ್ಲಾಸು. ಲೆ ಮಾನ್ಸ್‌ನಲ್ಲಿ ನಮ್ಮ ದೇಶದವರು ಯಾರಾದರೂ ಓಡಿಸಿದ್ದಾರಾ? ನಾನೂ ಹೋಗಬಹುದಾ? – ತುಮಕೂರಿನಿಂದ

ಓಡಿಸಿದ್ದಾರಪ್ಪಾ. 2009ರಲ್ಲಿ ನರೇನ್ ಕಾರ್ತಿಕೇಯನ್ ಆಡಿ ಕಾರಿನಲ್ಲಿ ಓಡಿಸಬೇಕಿತ್ತು, ರೇಸಿಗೆ ಮೊದಲು ಬಿದ್ದು ಭುಜ ಕೀಲು ತಪ್ಪಿ ಅವಕಾಶ ಕೈತಪ್ಪಿತು. 2012ರಲ್ಲಿ ಚೆನ್ನೈನ ಕರುಣ್ ಚಂಡೋಕ್ ಓಡಿಸಿದರು, ಲೆ ಮಾನ್ಸ್ ರೇಸಿನಲ್ಲಿ ಓಡಿಸಿದ ಮೊದಲ ಭಾರತೀಯ ಅವರೇ. ಅವರ ಕಾರು ಒಟ್ಟಾರೆ ಆರನೇ ಸ್ಥಾನ ಪಡೆಯಿತು. ನಮ್ಮ ಬೆಂಗಳೂರಿನ ಹುಡುಗ ಅರ್ಜುನ್ ಮೈನಿ 2019ರಲ್ಲಿ ಎಲ್‌ಎಂಪಿ1ಗಿಂತ ಒಂದು ಮೆಟ್ಟಿಲು ಕೆಳಗಿನ ಎಲ್‌ಎಂಪಿ2 ದರ್ಜೆಯಲ್ಲಿ ಅಲ್ಲಿ ಓಡಿಸಿದರು. 2021ರಲ್ಲಿ ನರೇನ್, ಅರ್ಜುನ್, ನವೀನ್ ರಾವ್ ಮೂವರು ಸೇರಿ 'ರೇಸಿಂಗ್ ಟೀಮ್ ಇಂಡಿಯಾ' ಅಂತ ಪೂರ್ತಿ ಭಾರತೀಯ ತಂಡವಾಗಿ ಏಷ್ಯನ್ ಲೆ ಮಾನ್ಸ್ ಸರಣಿಯಲ್ಲೂ ಓಡಿಸಿದರು. ಆಮೇಲೆ ಅರ್ಜುನ್ ಜರ್ಮನಿಯ ಡಿಟಿಎಂ ಕಾರ್ ರೇಸ್ ಸರಣಿಗೆ ಹೋದರು.

ನೀನು ಹೋಗಬಹುದಾ? ನೇರವಾಗಿ ಹೇಳುತ್ತೇನೆ. ಡ್ರೈವರ್ ಆಗುವುದಕ್ಕೆ ತುಂಬಾ ದುಡ್ಡು ಬೇಕು. ಕಾರ್ಟಿಂಗ್‌ನಿಂದ ಶುರುವಾಗುತ್ತದೆ, ಹೆಚ್ಚಿನವರು ನಿನಗಿಂತ ಚಿಕ್ಕ ವಯಸ್ಸಿನಲ್ಲೇ ಶುರು ಮಾಡಿರುತ್ತಾರೆ. ಆಮೇಲೆ ಕೊಯಮತ್ತೂರು, ಚೆನ್ನೈ ಟ್ರ್ಯಾಕುಗಳಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್, ಅದರ ಮೇಲೆ ಯುರೋಪ್. ಮನೆಯಲ್ಲಿ ಕೂತು ಅಪ್ಪ ಅಮ್ಮನ ಜತೆ ಖರ್ಚಿನ ಮಾತಾಡದೆ ಕನಸು ಕಟ್ಟಬೇಡ.

ಆದರೆ ಒಂದು ಕಾರಿನ ಹಿಂದೆ ಮೂವರು ಡ್ರೈವರ್ ಮಾತ್ರ ಇರುವುದಿಲ್ಲ. ಟೈರು ಎಷ್ಟು ಸವೆದಿದೆ, ಶಕ್ತಿ ಎಷ್ಟು ಉಳಿದಿದೆ, ಯಾವ ಸುತ್ತಿನಲ್ಲಿ ಪಿಟ್‌ಗೆ ಕರೆಯಬೇಕು ಅಂತ ಲೆಕ್ಕ ಹಾಕುವ ಎಂಜಿನಿಯರ್‌ಗಳ ದೊಡ್ಡ ಗುಂಪೇ ಇರುತ್ತದೆ. ನೀಲ್ಸೆನ್ ಶೇ. 2 ಉಳಿಸಿಕೊಂಡು ಗೆರೆ ದಾಟಿದ್ದರಲ್ಲಿ ಆ ಜನರ ಪಾಲೂ ಇದೆ. ಆ ದಾರಿ ನಿನಗೆ ತೆರೆದಿದೆ. ಗಣಿತ, ಭೌತಶಾಸ್ತ್ರ ಚೆನ್ನಾಗಿ ಓದು. ಎಂಜಿನಿಯರಿಂಗ್ ಸೇರಿದರೆ ಕಾಲೇಜಿನ ರೇಸಿಂಗ್ ತಂಡಕ್ಕೆ ಸೇರು. 'ಫಾರ್ಮುಲಾ ಭಾರತ್' ಅನ್ನುವ ಸ್ಪರ್ಧೆಯಲ್ಲಿ ವಿದ್ಯಾರ್ಥಿಗಳೇ ಕಾರು ಕಟ್ಟಿ ತರುತ್ತಾರೆ. ಕೈಗೆ ಗ್ರೀಸ್ ಹತ್ತಬೇಕು, ಲ್ಯಾಪ್‌ಟಾಪ್‌ನಲ್ಲಿ ಡೇಟಾ ಓದಲು ಬರಬೇಕು, ಎರಡೂ ಅಲ್ಲಿ ಕಲಿಯಬಹುದು.

2024ರ ನಂತರದ ಸೀಸನ್ ಯಾವಾಗ ಶುರುವಾಯಿತು? ಹೊಸಬರು ಯಾರು? ನಮ್ಮ ಟೈಮಿಗೆ ನೋಡುವುದು ಹೇಗೆ? – ಶಿವಮೊಗ್ಗ, ಬೀದರ್, ಪುಣೆಯ ಓದುಗರು

2025ರಲ್ಲೂ ಅದೇ ಎಂಟು ಟ್ರ್ಯಾಕುಗಳು. ಕಂಪನಿಗಳು ಹೈಪರ್‌ಕಾರ್ ದರ್ಜೆಯಲ್ಲಿ ಕಡ್ಡಾಯವಾಗಿ ಎರಡು ಕಾರು ಇಳಿಸಬೇಕು ಅಂತ ಆ ವರ್ಷ ಹೊಸ ನಿಯಮ ಬಂತು. ಇಸೊಟ್ಟಾ 2024ರ ಸೀಸನ್ ಮಧ್ಯದಲ್ಲೇ ಬಿಟ್ಟುಹೋಗಿತ್ತು, ಲ್ಯಾಂಬೋರ್ಗಿನಿಯೂ ಇರಲಿಲ್ಲ. ಅವರ ಬದಲು ಆಸ್ಟನ್ ಮಾರ್ಟಿನ್ ವಾಲ್ಕೈರಿ ಬಂತು: 6.5 ಲೀಟರಿನ ವಿ12 ಎಂಜಿನ್, ಹೈಬ್ರಿಡ್ ಮೋಟಾರೇ ಇಲ್ಲ. ಅದರ ಸದ್ದಿಗೋಸ್ಕರವೇ ಟಿವಿ ವಾಲ್ಯೂಮ್ ಜಾಸ್ತಿ ಮಾಡುವವರು ಇದ್ದಾರೆ, ನಾನೂ ಅವರಲ್ಲಿ ಒಬ್ಬ. ಜಿಟಿ3ಗೆ ಮರ್ಸಿಡಿಸ್ ಬಂತು.

ಚಾಂಪಿಯನ್‌ಶಿಪ್‌ನದೇ ಆ್ಯಪ್ ಇದೆ, ದುಡ್ಡು ಕೊಟ್ಟರೆ ಎಲ್ಲ ರೇಸು ನೇರಪ್ರಸಾರ ಸಿಗುತ್ತದೆ. ಲೆ ಮಾನ್ಸ್ ನಮ್ಮ ಟೈಮಿಗೆ ಶನಿವಾರ ಸಂಜೆ ಏಳೂವರೆಗೆ ಶುರುವಾಗಿ ಭಾನುವಾರ ಸಂಜೆ ಏಳೂವರೆಗೆ ಮುಗಿಯುತ್ತದೆ. ಇಡೀ ರಾತ್ರಿ ಎದ್ದಿರಬೇಕಿಲ್ಲ. ಶುರುವಿನ ಮೂರು ಗಂಟೆ ನೋಡಿ, ಮಲಗಿ, ಭಾನುವಾರ ಊಟ ಆದ ಮೇಲೆ ಮತ್ತೆ ಕೂತುಕೊಳ್ಳಿ. ಫುಜಿ ಆದರೆ ಬೆಳಿಗ್ಗೆ ತಿಂಡಿ ಹೊತ್ತಿಗೆ, ಸಾವೊ ಪಾಲೊ ರಾತ್ರಿ ಊಟದ ಹೊತ್ತಿಗೆ. 2025ರ ಮೊದಲ ರೇಸು ಕತಾರ್‌ನ ಲುಸೈಲ್‌ನಲ್ಲಿ, ಫೆಬ್ರವರಿ 28ಕ್ಕೆ ನಡೆಯಿತು.